ಮನೆಯಿಂದ ದೂರದ ಶೆಡ್ಡಿಗೆ ವಿದ್ಯುತ್: ಮಲೆನಾಡಿನ ಮನೆಗಳಿಗೊಂದು ಕೈಪಿಡಿ

ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ತೋಟವುಳ್ಳ ಮನೆಯೆಂದರೆ ಸಾಮಾನ್ಯವಾಗಿ ಒಂದೇ ಕಟ್ಟಡವಲ್ಲ. ವಾಸದ ಮನೆ, ಕೊಟ್ಟಿಗೆ, ಅಡಿಕೆ ಸುಲಿದು ಬೇಯಿಸುವ ಶೆಡ್, ಸೌದೆ ಕೊಟ್ಟಿಗೆ, ಇತ್ತೀಚಿನ ದಶಕಗಳಲ್ಲಿ ಸೇರಿಕೊಂಡ ಕಾರ್ ಶೆಡ್ ಇವೆಲ್ಲ ಸೇರಿ ಒಂದು ಮನೆಯಾಗುತ್ತದೆ. ಮನೆ ಗುಡ್ಡದ ಇಳುಕಲಿನಲ್ಲಿ, ತೋಟದ ತಲೆಯಲ್ಲಿ ಇರುವ ಕಡೆ ವಾಹನವು ಅಂಗಳದವರೆಗೆ ಬರಲಾಗದೆ, ಕಾರ್ ಶೆಡ್ಡನ್ನು ರಸ್ತೆಯ ಮಗ್ಗುಲಿಗೆ, ಮನೆಯಿಂದ 50–60 ಮೀಟರ್ ದೂರಕ್ಕೆ ಕಟ್ಟಿಕೊಳ್ಳುವುದೂ ಉಂಟು. ಒಂದು ಕಾಲಕ್ಕೆ ಇಂಥ ಶೆಡ್ಡಿಗೆ ಬೇಕಾಗಿದ್ದುದು ಒಂದು ಬಲ್ಬು ಮಾತ್ರ. ಈಗ ಅದೇ ಸೂರಿನಡಿ ಅಡಿಕೆ ಸುಲಿಯುವ ಯಂತ್ರದ ಮೋಟಾರು ತಿರುಗುತ್ತದೆ, ಔಷಧಿ ಹೊಡೆಯುವ ಪಂಪು ಇರುತ್ತದೆ, ವಿದ್ಯುತ್ ಸ್ಕೂಟರ್ ಅಥವಾ ಕಾರು ರಾತ್ರಿಯಿಡೀ ಚಾರ್ಜ್ ಆಗುತ್ತದೆ. ಹೊರೆ ಹೀಗೆ ಬದಲಾಗಿದ್ದರೂ ಜಗುಲಿಯ ಪ್ಲಗ್ಗಿನಿಂದ ಒಂದು ಜೋಡಿ ತಂತಿಯನ್ನು ಅಡಿಕೆ ಮರಕ್ಕೆ ಕಟ್ಟಿಕೊಂಡು ಶೆಡ್ಡಿಗೆ ಎಳೆಯುವ ಹಳೆಯ ಪದ್ಧತಿ ಅನೇಕ ಕಡೆ ಮುಂದುವರಿದಿದೆ.

ದೂರದ ಶೆಡ್ಡನ್ನು ಮನೆಯ ಇನ್ನೊಂದು ಕೋಣೆಯೆಂದು ಭಾವಿಸುವುದೇ ಈ ಪದ್ಧತಿಯ ದೋಷ. ಪ್ರತ್ಯೇಕವಾಗಿ ನಿಂತ ಕಟ್ಟಡವು ವಿದ್ಯುತ್ತಿನ ದೃಷ್ಟಿಯಲ್ಲಿ ಒಂದು ಸ್ವತಂತ್ರ ಸ್ಥಾಪನೆಯಾಗಿದ್ದು, ಅದಕ್ಕೆ ದೂರಕ್ಕೆ ತಕ್ಕ ದಪ್ಪದ ಕೇಬಲ್, ಮಳೆಗೂ ಮರಕ್ಕೂ ಸಿಗದ ದಾರಿ, ತನ್ನದೇ ಆದ ಸ್ವಿಚ್ ಮತ್ತು ತನ್ನದೇ ಆದ ಅರ್ಥಿಂಗ್ ಬೇಕಾಗುತ್ತವೆ. ಶೆಡ್ಡಿಗೆ ಕರೆಂಟು ತಲುಪಿಸುವುದು ಸುಲಭದ ಕೆಲಸ. ಅಲ್ಲಿ ದೋಷ ಕಾಣಿಸಿಕೊಂಡ ಕ್ಷಣದಲ್ಲಿ ಅದು ತಾನಾಗಿ ನಿಲ್ಲುವಂತೆ ಮಾಡುವುದೇ ನಿಜವಾದ ಕೆಲಸ.

ಮೊದಲು ಹೊರೆಯ ಲೆಕ್ಕ, ಆಮೇಲೆ ಕಾನೂನು

ಶೆಡ್ಡಿನಲ್ಲಿ ಏಕಕಾಲಕ್ಕೆ ಎಷ್ಟು ವಿದ್ಯುತ್ ಬಳಕೆಯಾಗಬಹುದೆಂಬುದು ಮುಂದಿನ ಎಲ್ಲ ತೀರ್ಮಾನಗಳಿಗೂ ಆಧಾರ. ಸಿಂಗಲ್ ಫೇಸ್ ಸಂಪರ್ಕದ 230 ವೋಲ್ಟ್‌ನಲ್ಲಿ 1.5 ಎಚ್‌ಪಿಯ ಮೋಟಾರು ಓಡುವಾಗ ಸುಮಾರು 10 ಆಂಪಿಯರ್ ಎಳೆಯುತ್ತದೆ, 3.3 ಕಿಲೋವಾಟಿನ ಕಾರ್ ಚಾರ್ಜರ್ ಸುಮಾರು 14 ಆಂಪಿಯರ್ ಎಳೆಯುತ್ತದೆ. ದೀಪಗಳದು ಲೆಕ್ಕಕ್ಕೆ ಸಿಗದಷ್ಟು ಕಡಿಮೆ. ಒಟ್ಟು 25 ಆಂಪಿಯರ್ ಎಂದಿಟ್ಟುಕೊಂಡು, ಮನೆಯ ಬೋರ್ಡಿನಲ್ಲಿ ಶೆಡ್ಡಿಗಾಗಿಯೇ 32 ಆಂಪಿಯರಿನ ಪ್ರತ್ಯೇಕ ಎಂಸಿಬಿ ಮೀಸಲಿಟ್ಟರೆ ಇಂಥ ಶೆಡ್ಡಿಗೆ ಸಾಕಾಗುತ್ತದೆ. ಮಿತಿಮೀರಿದ ವಿದ್ಯುತ್ ಹರಿದಾಗ ಅಥವಾ ಶಾರ್ಟ್ ಸರ್ಕ್ಯೂಟ್ ಆದಾಗ ತಾನಾಗಿ ಬೀಳುವ ಸ್ವಿಚ್ಚಿಗೆ ಎಂಸಿಬಿ ಎಂದು ಹೆಸರು.

ಇಲ್ಲಿ ಮನೆಯ ಮಂಜೂರಾದ ಲೋಡಿನ ಪ್ರಶ್ನೆ ಬರುತ್ತದೆ. ಶಿವಮೊಗ್ಗ ಜಿಲ್ಲೆಗೆ ವಿದ್ಯುತ್ ಪೂರೈಸುವ ಮೆಸ್ಕಾಂನ ಬಿಲ್ಲಿನಲ್ಲಿ ಈ ಲೋಡು ಕಿಲೋವಾಟ್‌ಗಳಲ್ಲಿ ನಮೂದಾಗಿರುತ್ತದೆ. ಕಾರ್ ಚಾರ್ಜರ್ ಒಂದಕ್ಕೇ 3.3 ಕಿಲೋವಾಟ್ ಬೇಕಾಗುವುದರಿಂದ, ಹಳೆಯ ಕಾಲದ 1 ಅಥವಾ 2 ಕಿಲೋವಾಟಿನ ಸಂಪರ್ಕವನ್ನು ಹಾಗೆಯೇ ಇಟ್ಟುಕೊಂಡು ಶೆಡ್ಡಿಗೆ ಕೇಬಲ್ ಎಳೆಯುವುದು ಸರಿಯಲ್ಲ. ಶಾಖಾ ಕಚೇರಿಯಲ್ಲಿ ಅರ್ಜಿ ಕೊಟ್ಟು ಮೊದಲು ಲೋಡ್ ಹೆಚ್ಚಿಸಿಕೊಳ್ಳಬೇಕು. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯ ಮನೆಗಳು ಇನ್ನೊಂದು ಲೆಕ್ಕವನ್ನೂ ಹಾಕಿಕೊಳ್ಳುವುದು ಒಳ್ಳೆಯದು. ಮೇಲಿನ ಚಾರ್ಜರ್ ದಿನಕ್ಕೆ 5 ಗಂಟೆ ಓಡಿದರೆ 16.5 ಯೂನಿಟ್ ಖರ್ಚಾಗುತ್ತದೆ. ಹೀಗೆ ದಿನವೂ ನಡೆದರೆ ಯೋಜನೆಯ 200 ಯೂನಿಟ್ಟಿನ ಮಿತಿ ತಿಂಗಳ ಅರ್ಧದಲ್ಲೇ ದಾಟುತ್ತದೆ, ದಾಟಿದ ತಿಂಗಳು ಪೂರ್ತಿ ಬಿಲ್ಲನ್ನು ಕಟ್ಟಬೇಕಾಗುತ್ತದೆ.

ಈ ಭಾರ ತಪ್ಪಿಸಿಕೊಳ್ಳಲು ತೋಟದ ನೀರಾವರಿ ಪಂಪ್‌ಸೆಟ್ಟಿನ ಉಚಿತ ಸಂಪರ್ಕದಿಂದ ಶೆಡ್ಡಿಗೆ ತಂತಿ ಎಳೆಯುವ ಯೋಚನೆ ಸಹಜವಾಗಿ ಬರುತ್ತದೆ. ಆದರೆ ಒಂದು ಉದ್ದೇಶಕ್ಕೆ ಮಂಜೂರಾದ ವಿದ್ಯುತ್ತನ್ನು ಮತ್ತೊಂದು ಉದ್ದೇಶಕ್ಕೆ ಬಳಸುವುದು ವಿದ್ಯುಚ್ಛಕ್ತಿ ಅಧಿನಿಯಮ 2003ರ 126ನೇ ಕಲಮಿನ ಪ್ರಕಾರ ಅನಧಿಕೃತ ಬಳಕೆಯಾಗುತ್ತದೆ ಮತ್ತು ಅದಕ್ಕೆ ದಂಡದ ದರದಲ್ಲಿ ಹಣ ವಸೂಲಾಗುತ್ತದೆ. ಶೆಡ್ಡನ್ನು ಬಾಡಿಗೆಗೆ ಕೊಡುವುದು, ಅಲ್ಲಿ ಗ್ಯಾರೇಜ್ ಅಥವಾ ಅಂಗಡಿ ನಡೆಸುವುದು, ಶೆಡ್ಡು ಸಾರ್ವಜನಿಕ ರಸ್ತೆಯ ಆಚೆ ಬದಿಗಿರುವುದು ಮುಂತಾದ ಸಂದರ್ಭಗಳಲ್ಲಿ ಮನೆಯ ಮೀಟರಿನಿಂದ ವಿಸ್ತರಿಸುವ ಬದಲು ಪ್ರತ್ಯೇಕ ಸಂಪರ್ಕವನ್ನೇ ಪಡೆಯುವುದು ಸರಿಯಾದ ಕ್ರಮ.

ಕೆಲಸ ಮಾಡುವವರು ಯಾರೆಂಬುದನ್ನೂ ನಿಯಮವೇ ಹೇಳುತ್ತದೆ. ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚುಗಳನ್ನು ಬದಲಿಸುವಂಥ ಚಿಕ್ಕ ಕೆಲಸಗಳನ್ನು ಬಿಟ್ಟರೆ, ಸ್ಥಾಪನೆಯ ಸಾಮರ್ಥ್ಯವನ್ನೋ ಸ್ವರೂಪವನ್ನೋ ಬದಲಾಯಿಸುವ ವೈರಿಂಗನ್ನು ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರೇ ಮಾಡಿಸಬೇಕು. ಹೊಸ ಕಟ್ಟಡಕ್ಕೆ ಕೇಬಲ್ ಒಯ್ಯುವುದು ನಿಸ್ಸಂಶಯವಾಗಿ ಈ ವರ್ಗಕ್ಕೆ ಸೇರುತ್ತದೆ. ಆದ್ದರಿಂದ ಈ ಲೇಖನದ ಉದ್ದೇಶ ಮನೆಯವರನ್ನು ಎಲೆಕ್ಟ್ರಿಷಿಯನ್ ಮಾಡುವುದಲ್ಲ; ಎಲೆಕ್ಟ್ರಿಷಿಯನ್ ಬಂದಾಗ ಏನನ್ನು ಕೇಳಬೇಕು, ಯಾವುದರಲ್ಲಿ ಉಳಿತಾಯ ಮಾಡಬಾರದು ಎಂಬುದನ್ನು ತಿಳಿಸುವುದು.

ಕೇಬಲ್ಲಿನ ದಪ್ಪವನ್ನು ತೀರ್ಮಾನಿಸುವುದು ದೂರ

ತಂತಿಯಲ್ಲಿ ವಿದ್ಯುತ್ ಹರಿಯುವಾಗ ಅದರ ರೋಧದಿಂದಾಗಿ ವೋಲ್ಟೇಜಿನ ಒಂದು ಭಾಗ ದಾರಿಯಲ್ಲೇ ಕಳೆದುಹೋಗುತ್ತದೆ; ಇದನ್ನು ವೋಲ್ಟೇಜ್ ಡ್ರಾಪ್ ಎನ್ನುತ್ತಾರೆ. ಕೋಣೆಯೊಳಗಿನ ಕೆಲವೇ ಮೀಟರ್ ತಂತಿಯಲ್ಲಿ ಗಮನಕ್ಕೆ ಬಾರದ ಈ ನಷ್ಟ, 60 ಮೀಟರ್ ದೂರದ ಶೆಡ್ಡಿನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾಗುತ್ತದೆ. ದೀಪಗಳಿಗೆ ಶೇ 3, ಇತರ ಉಪಕರಣಗಳಿಗೆ ಶೇ 5ಕ್ಕಿಂತ ಹೆಚ್ಚು ಡ್ರಾಪ್ ಆಗದಂತೆ ವೈರಿಂಗ್ ಮಾಡುವುದು ಅಂಗೀಕೃತ ಪದ್ಧತಿ.

ಮನೆಯ ಪವರ್ ಪ್ಲಗ್ಗಿಗೆ ಬಳಕೆಯಾಗುವ 2.5 ಚದರ ಮಿಲಿಮೀಟರ್ ತಾಮ್ರದ ತಂತಿಯ ರೋಧ ಕಿಲೋಮೀಟರಿಗೆ 7.41 ಓಮ್. 60 ಮೀಟರ್ ದೂರಕ್ಕೆ ಹೋಗುವ ಫೇಸ್ ಮತ್ತು ಹಿಂತಿರುಗುವ ನ್ಯೂಟ್ರಲ್ ಸೇರಿ 120 ಮೀಟರ್ ಆಗುವುದರಿಂದ ಒಟ್ಟು ರೋಧ ಸುಮಾರು 0.89 ಓಮ್. ಮೋಟಾರು ಓಡುತ್ತಿರುವಾಗಿನ 10 ಆಂಪಿಯರಿಗೆ 9 ವೋಲ್ಟ್ ಕಳೆದರೂ ಚಿಂತೆಯಿಲ್ಲ. ಆದರೆ ಮೋಟಾರು ನಿಂತ ಸ್ಥಿತಿಯಿಂದ ಹೊರಡುವಾಗ ಓಡುವಾಗಿನ ಐದಾರು ಪಟ್ಟು ವಿದ್ಯುತ್ತನ್ನು ಎಳೆಯುತ್ತದೆ. 50 ಆಂಪಿಯರ್ ಎಂದರೂ 44 ವೋಲ್ಟ್ ದಾರಿಯಲ್ಲೇ ಹೋಗುತ್ತದೆ. ಕೊಯ್ಲಿನ ದಿನಗಳ ಸಂಜೆ, ಊರಿನ ಸುಲಿಯುವ ಯಂತ್ರಗಳೆಲ್ಲ ಒಟ್ಟಿಗೆ ಓಡುವ ಹೊತ್ತಿನಲ್ಲಿ ಮನೆಗೆ ಬರುವ ವೋಲ್ಟೇಜೇ 190ಕ್ಕೆ ಇಳಿದಿದ್ದರೆ ಶೆಡ್ಡಿನ ಮೋಟಾರಿಗೆ ಸಿಗುವುದು 146 ವೋಲ್ಟ್ ಮಾತ್ರ. ಆಗ ಮೋಟಾರು ತಿರುಗದೆ ಗುಂಯ್‌ಗುಡುತ್ತದೆ, ಕಾಯುತ್ತದೆ, ಕಡೆಗೆ ವೈಂಡಿಂಗ್ ಸುಡುತ್ತದೆ. ದೋಷವನ್ನು ಮೋಟಾರಿನ ಮೇಲೆ ಹೊರಿಸಿ ರಿವೈಂಡಿಂಗ್ ಮಾಡಿಸಿ ತಂದರೂ ತಂತಿ ಅದೇ ಇರುವವರೆಗೆ ಅದು ಮತ್ತೆ ಸುಡುವ ಸಂಭವವೇ ಹೆಚ್ಚು.

ಅದೇ ದೂರಕ್ಕೆ 6 ಚದರ ಮಿಲಿಮೀಟರ್ ತಾಮ್ರದ ಕೇಬಲ್ ಹಾಕಿದರೆ, ಅದರ ರೋಧ ಕಿಲೋಮೀಟರಿಗೆ 3.08 ಓಮ್ ಇರುವುದರಿಂದ, ಮೋಟಾರು ಹೊರಡುವಾಗಿನ ನಷ್ಟ 44ರಿಂದ ಸುಮಾರು 18 ವೋಲ್ಟಿಗೆ ಇಳಿಯುತ್ತದೆ. ಮೋಟಾರು, ಚಾರ್ಜರ್ ಎರಡೂ ಓಡುತ್ತಿರುವ 25 ಆಂಪಿಯರಿನಲ್ಲೂ ಡ್ರಾಪ್ ಸುಮಾರು 9 ವೋಲ್ಟ್, ಅಂದರೆ ಶೇ 4ರಷ್ಟಾಗಿ ಮಿತಿಯೊಳಗೇ ಉಳಿಯುತ್ತದೆ. ಅಲ್ಯೂಮಿನಿಯಂ ಕೇಬಲ್ ಬೆಲೆಯಲ್ಲಿ ಅಗ್ಗ. 10 ಚದರ ಮಿಲಿಮೀಟರ್ ಅಲ್ಯೂಮಿನಿಯಂ ಕೇಬಲ್ಲಿನ ರೋಧವು 6 ಚದರ ಮಿಲಿಮೀಟರ್ ತಾಮ್ರದ್ದಕ್ಕೆ ಸಮ. ಆದರೆ ಅಲ್ಯೂಮಿನಿಯಂ ತುದಿಯನ್ನು ತಾಮ್ರದ ತಂತಿಗೆ ನೇರವಾಗಿ ಸುತ್ತಿ ಬಿಗಿದರೆ ಮಲೆನಾಡಿನ ತೇವಕ್ಕೆ ಜಾಯಿಂಟು ಕಿಲುಬು ಹಿಡಿದು ಬಿಸಿಯಾಗುತ್ತದೆ. ಎರಡು ಲೋಹಗಳಿಗೂ ಹೊಂದುವ ಬೈಮೆಟಲ್ ಲಗ್ಗುಗಳನ್ನು ಒತ್ತಿ ಜೋಡಿಸುವುದು ಅನಿವಾರ್ಯ.

ಸಾಗರದ ಸೀಮೆಯಲ್ಲಿ 1948ರಿಂದ ಜೋಗದ ವಿದ್ಯುದಾಗಾರವೂ 1964ರಿಂದ ಲಿಂಗನಮಕ್ಕಿ ಅಣೆಕಟ್ಟೂ ಇರುವಾಗ ಹಳ್ಳಿಯ ಮನೆಗಳಿಗೆ ವೋಲ್ಟೇಜು ಏಕೆ ಕಡಿಮೆಯೆಂಬ ಪ್ರಶ್ನೆ ಏಳಬಹುದು. ಉತ್ಪಾದನೆಯಾದ ವಿದ್ಯುತ್ತು ಅತ್ಯಧಿಕ ವೋಲ್ಟೇಜಿನ ಮಾರ್ಗಗಳಲ್ಲಿ ದೂರದೂರಿಗೆ ಹೊರಟುಹೋಗುತ್ತದೆ. ಮನೆಯ ವೋಲ್ಟೇಜನ್ನು ನಿರ್ಧರಿಸುವುದು ಊರಿನ ಟ್ರಾನ್ಸ್‌ಫಾರ್ಮರಿನ ಸಾಮರ್ಥ್ಯ ಮತ್ತು ಅಲ್ಲಿಂದ ಮನೆಯವರೆಗಿನ ತಂತಿಯ ಉದ್ದ. ಮನೆಗಳು ಒಂದಕ್ಕೊಂದು ದೂರವಿರುವ ಈ ತಾಲ್ಲೂಕುಗಳಲ್ಲಿ ಆ ತಂತಿ ಮೊದಲೇ ಉದ್ದವಾಗಿರುವುದರಿಂದ, ಶೆಡ್ಡಿನ ಕೇಬಲ್ಲು ಅದಕ್ಕೆ ಮತ್ತಷ್ಟು ನಷ್ಟ ಸೇರಿಸದಂತೆ ನೋಡಿಕೊಳ್ಳಬೇಕು.

ನೆಲದಡಿಯ ದಾರಿ

ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಹೊಸನಗರ ತಾಲ್ಲೂಕಿನ ಹುಲಿಕಲ್ ಕೂಡ ಅತಿ ಹೆಚ್ಚು ಮಳೆಯ ಊರುಗಳ ಸಾಲಿಗೇ ಸೇರಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರವೋ ಕೊಂಬೆಯೋ ಬೀಳುವುದು ಸಾಮಾನ್ಯವಾದ ಈ ಸೀಮೆಯಲ್ಲಿ, ಮರದಿಂದ ಮರಕ್ಕೆ ಕಟ್ಟಿದ ತಂತಿ ಉಳಿಯುವ ಭರವಸೆಯಿಲ್ಲ. ಗಾಳಿಗೆ ಉಜ್ಜಿ ತಂತಿಯ ಹೊದಿಕೆ ಸವೆದ ಕಡೆ ಒದ್ದೆ ಮರವೇ ವಿದ್ಯುತ್ತಿನ ದಾರಿಯಾಗುತ್ತದೆ. ಇದರ ಜೊತೆಗೆ ಕೊನೆ ಕೊಯ್ಯಲು ಮತ್ತು ಔಷಧಿ ಹೊಡೆಯಲು ಈಗ ಬಳಕೆಗೆ ಬಂದಿರುವ ಉದ್ದನೆಯ ದೋಟಿಗಳ ಅಪಾಯವೂ ಇದೆ. ಅಲ್ಯೂಮಿನಿಯಂ ದೋಟಿಯಂತೆಯೇ ಕಾರ್ಬನ್ ಫೈಬರ್ ದೋಟಿಯೂ ವಿದ್ಯುದ್ವಾಹಕವೇ ಆಗಿರುವುದರಿಂದ, ತೋಟದಂಚಿನಲ್ಲಿ ತಲೆಯ ಮೇಲೆ ಹಾದ ತಂತಿ ಕೊಯ್ಲಿನ ಕಾಲಕ್ಕೆ ಪ್ರಾಣಕ್ಕೇ ಎರವಾಗಬಲ್ಲದು. ಮೇಲ್ಗಡೆಯಿಂದಲೇ ಒಯ್ಯಬೇಕಾದ ಅನಿವಾರ್ಯತೆ ಬಂದರೆ ಕಬ್ಬಿಣದ ಅಥವಾ ಸಿಮೆಂಟ್ ಕಂಬಗಳನ್ನು ನೆಟ್ಟು, ಭಾರ ಹೊರಲು ಬೇರೆ ಜಿಐ ತಂತಿ ಎಳೆದು, ಅದಕ್ಕೆ ಕೇಬಲ್ಲನ್ನು ತೂಗುಹಾಕಿ, ಲಾರಿ ಟ್ರ್ಯಾಕ್ಟರುಗಳು ಹೋಗುವ ಜಾಗದಲ್ಲಿ 5.8 ಮೀಟರಿಗಿಂತ ಕೆಳಗಿಳಿಯದಂತೆ ನೋಡಿಕೊಳ್ಳಬೇಕು.

ನೆಲದಡಿಯ ದಾರಿಗೆ ಆರ್ಮರ್ಡ್ ಕೇಬಲ್ ಬೇಕು. ಒಳಗಿನ ತಂತಿಗಳ ಸುತ್ತ ಉಕ್ಕಿನ ಸರಿಗೆ ಅಥವಾ ಪಟ್ಟಿಯ ಕವಚವನ್ನು ಹೆಣೆದು, ಅದರ ಮೇಲೆ ಪಿವಿಸಿ ಹೊದಿಸಿದ ಕೇಬಲ್ಲಿಗೆ ಈ ಹೆಸರು. ಪಿವಿಸಿ ನಿರೋಧಕದ್ದಾದರೆ ಐಎಸ್ 1554, ಎಕ್ಸ್‌ಎಲ್‌ಪಿಇ ನಿರೋಧಕದ್ದಾದರೆ ಐಎಸ್ 7098 ಎಂಬ ಗುರುತು ಅದರ ಮೈಮೇಲೆ ಅಚ್ಚಾಗಿರುತ್ತದೆ. ಗುದ್ದಲಿಯ ಏಟಿನಿಂದ ಮಾತ್ರವಲ್ಲ, ಹೆಗ್ಗಣದ ಹಲ್ಲಿನಿಂದಲೂ ಕೇಬಲ್ಲನ್ನು ಕಾಪಾಡುವುದು ಈ ಉಕ್ಕಿನ ಕವಚವೇ. ಮನೆಯೊಳಗಿನ ಸಾಧಾರಣ ವೈರನ್ನು ಕಪ್ಪು ಎಚ್‌ಡಿಪಿಇ ಪೈಪಿನಲ್ಲಿ ತೂರಿಸಿ ಹೂಳುವುದು ಅದಕ್ಕೆ ಬದಲಿಯಲ್ಲ.

ಕಡಿಮೆ ವೋಲ್ಟೇಜಿನ ಕೇಬಲ್ಲಿಗೆ ಭಾರತೀಯ ಮಾನಕ ಸಂಹಿತೆ ಐಎಸ್ 1255 ಸೂಚಿಸುವ ಆಳ 75 ಸೆಂಟಿಮೀಟರ್. ವಾಹನ ಹಾಯುವ ಕಡೆ 1 ಮೀಟರ್. ಕಾಲುವೆಯ ತಳದಲ್ಲಿ ಸುಮಾರು 75 ಮಿಲಿಮೀಟರ್ ಮರಳು ಹಾಸಿ, ಕೇಬಲ್ ಇಟ್ಟು, ಮೇಲೆ ಮತ್ತೆ ಅಷ್ಟೇ ಮರಳು ಹಾಕಿ, ಅದರ ಮೇಲೆ ಇಟ್ಟಿಗೆಯನ್ನೋ ಹಳೆಯ ಹೆಂಚನ್ನೋ ಸಾಲಾಗಿ ಮುಚ್ಚಿ, ಎಚ್ಚರಿಕೆಯ ಟೇಪ್ ಹಾಸಿ ಮಣ್ಣು ತುಂಬಬೇಕು. ಮುಂದೆಂದೋ ಅಲ್ಲಿ ಅಗೆಯುವ ಕೈಗೆ ಕೇಬಲ್ಲಿಗಿಂತ ಮೊದಲು ಹೆಂಚು ಸಿಗಬೇಕೆಂಬುದೇ ಇದರ ತಾತ್ಪರ್ಯ. ಜಂಬಿಟ್ಟಿಗೆಯ ಬಂಡೆ ಮೇಲೆದ್ದಿರುವ ಜಾಗದಲ್ಲಿ ಪೂರ್ತಿ ಆಳ ಸಿಗದಿದ್ದರೆ ಆ ಭಾಗವನ್ನು ಜಿಐ ಪೈಪಿನೊಳಗೆ ಒಯ್ದು ಮೇಲೆ ಕಾಂಕ್ರೀಟ್ ಹಾಕುವುದು ಉತ್ತಮ.

ಇಳುಕಲಿನ ಜಾಗದಲ್ಲಿ ಸಾಮಾನ್ಯವಾಗಿ ಯಾರೂ ಗಮನಿಸದ ತೊಂದರೆಯೊಂದಿದೆ. ರಸ್ತೆಬದಿಯ ಶೆಡ್ಡು ಮೇಲೆ, ಮನೆ ಕೆಳಗೆ ಇದ್ದಾಗ ಕೇಬಲ್ಲಿನ ಪೈಪು ಮಳೆಗಾಲದಲ್ಲಿ ನೀರನ್ನು ತಂದು ನೇರವಾಗಿ ಮನೆಯ ಸ್ವಿಚ್ ಬೋರ್ಡಿಗೇ ಸುರಿಯುತ್ತದೆ. ಆದ್ದರಿಂದ ಪೈಪಿನ ಎರಡೂ ಬಾಯಿಗಳನ್ನು ಸೀಲಂಟಿನಿಂದ ಮುಚ್ಚಬೇಕು. ಗೋಡೆಯನ್ನು ಹೊಗುವ ತೂತು ಒಳಗಿನಿಂದ ಹೊರಕ್ಕೆ ತುಸು ಇಳಿಜಾರಾಗಿರಬೇಕು. ಕೇಬಲ್ಲು ತೂತಿನ ಮಟ್ಟದಿಂದ ಕೆಳಗೆ ಬಾಗಿ ಬಂದು ಆಮೇಲೆ ಮೇಲೇರಿ ಒಳಹೋಗುವಂತಿದ್ದರೆ ಅದರ ಮೈಗುಂಟ ಹರಿದ ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ.

ದೋಷ ಬಂದಾಗ ಕಡಿಯುವ ವ್ಯವಸ್ಥೆ

ಮೋಟಾರಿನ ಒಳಗಿನ ತಂತಿ ಸವೆದು ಅದರ ಲೋಹದ ಮೈಗೆ ತಾಗಿತೆಂದು ಭಾವಿಸಬಹುದು. ಮೈಯಿಂದ ಅರ್ಥ್ ಪಿಟ್ಟಿಗೆ ಹೋದ ವಿದ್ಯುತ್ತು ನೆಲದ ಮೂಲಕ ಟ್ರಾನ್ಸ್‌ಫಾರ್ಮರಿಗೆ ಮರಳಬೇಕು. ಪಿಟ್ಟಿನ ರೋಧ 50 ಓಮ್ ಇದ್ದರೆ ಹರಿಯುವುದು ಸುಮಾರು 4.6 ಆಂಪಿಯರ್ ಮಾತ್ರ. 16 ಆಂಪಿಯರಿನ ಎಂಸಿಬಿಯ ಪಾಲಿಗೆ ಇದೊಂದು ಚಿಕ್ಕ ಹೊರೆಯಾದ್ದರಿಂದ ಅದು ಬೀಳುವುದೇ ಇಲ್ಲ. ಮೋಟಾರಿನ ಮೈ ಮಾತ್ರ ಪ್ರಾಣಾಂತಿಕ ವೋಲ್ಟೇಜಿನಲ್ಲಿ ನಿಂತಿರುತ್ತದೆ. ಅರ್ಥಿಂಗ್ ಇದೆ, ಎಂಸಿಬಿ ಇದೆ ಎಂಬ ಸಮಾಧಾನ ಸಾಲದೆಂಬುದಕ್ಕೆ ಈ ಲೆಕ್ಕವೇ ಸಾಕ್ಷಿ.

ಈ ಕೊರತೆಯನ್ನು ತುಂಬುವುದು ಆರ್‌ಸಿಸಿಬಿ. ಫೇಸಿನಲ್ಲಿ ಹೋದಷ್ಟೇ ವಿದ್ಯುತ್ತು ನ್ಯೂಟ್ರಲ್ಲಿನಲ್ಲಿ ಮರಳುತ್ತಿದೆಯೇ ಎಂದು ಸದಾ ಹೋಲಿಸಿ, ವ್ಯತ್ಯಾಸ 30 ಮಿಲಿ ಆಂಪಿಯರ್ ತಲುಪುವಷ್ಟರಲ್ಲಿ ಕ್ಷಣಾರ್ಧದಲ್ಲಿ ಎರಡೂ ತಂತಿಗಳನ್ನು ಕಡಿಯುವ ಸಾಧನವಿದು. ಶೆಡ್ಡಿನ ಎಲ್ಲ ಪ್ಲಗ್ಗುಗಳೂ 30 ಮಿಲಿ ಆಂಪಿಯರಿನ ಆರ್‌ಸಿಸಿಬಿಯ ಅಧೀನದಲ್ಲಿರಬೇಕು. ವಾಹನದ ಚಾರ್ಜರ್‌ಗಳಿಂದ ನೇರ ವಿದ್ಯುತ್ತಿನ ಅಂಶವೂ ಸೋರಬಹುದಾಗಿದ್ದು, ಅದು ಸಾಧಾರಣ ಟೈಪ್ ಎಸಿ ಆರ್‌ಸಿಸಿಬಿಯನ್ನು ಮಂಕಾಗಿಸುವುದರಿಂದ ಅಂಥ ಕಡೆ ಕನಿಷ್ಠ ಟೈಪ್ ಎ ಸಾಧನವನ್ನು ಕೇಳಿ ಹಾಕಿಸಬೇಕು. ಆರ್‌ಸಿಸಿಬಿಗೆ ಅತಿಹೊರೆ ತಿಳಿಯದಾದ್ದರಿಂದ ಎಂಸಿಬಿಯೂ ಜೊತೆಗಿರಲೇಬೇಕು.

ಸಾಧನವನ್ನು ಎಲ್ಲಿ ಇಡಬೇಕೆಂಬುದೂ ಮುಖ್ಯ. ಮನೆಯ ಆರ್‌ಸಿಸಿಬಿಯ ಮುಂದಿನ ಭಾಗದಿಂದ ಶೆಡ್ಡಿಗೆ ಕೇಬಲ್ ತೆಗೆದರೆ, ಶೆಡ್ಡಿನ ಒದ್ದೆ ಪ್ಲಗ್ಗಿನಲ್ಲಿ ಸೋರಿಕೆಯಾದಾಗ ಇಡೀ ಮನೆ ಕತ್ತಲಾಗುತ್ತದೆ. ಆದ್ದರಿಂದ ಮನೆಯ ಆರ್‌ಸಿಸಿಬಿಗಿಂತ ಹಿಂದಿನಿಂದಲೇ 32 ಆಂಪಿಯರಿನ ಡಬಲ್ ಪೋಲ್ ಎಂಸಿಬಿಯ ಮೂಲಕ ಶೆಡ್ಡಿನ ಮಾರ್ಗವನ್ನು ಬೇರ್ಪಡಿಸಿ, ಆ ಮಾರ್ಗಕ್ಕೆ 100 ಅಥವಾ 300 ಮಿಲಿ ಆಂಪಿಯರಿನ, ತುಸು ತಡೆದು ಬೀಳುವ ಎಸ್ ಟೈಪ್ ಸಾಧನವನ್ನು ಮನೆಯ ತುದಿಯಲ್ಲೂ 30 ಮಿಲಿ ಆಂಪಿಯರಿನದನ್ನು ಶೆಡ್ಡಿನ ತುದಿಯಲ್ಲೂ ಇಟ್ಟರೆ, ಶೆಡ್ಡಿನ ದೋಷ ಶೆಡ್ಡಿನಲ್ಲೇ ಕಡಿಯುತ್ತದೆ, ಕೇಬಲ್ಲಿನ ದೋಷ ಮನೆಯ ತುದಿಯಲ್ಲಿ ಕಡಿಯುತ್ತದೆ. ಶೆಡ್ಡಿನ ಬಾಗಿಲ ಬಳಿ ಫೇಸ್, ನ್ಯೂಟ್ರಲ್ ಎರಡನ್ನೂ ಬಿಡಿಸುವ ಮುಖ್ಯ ಸ್ವಿಚ್ ಇರಲೇಬೇಕು. ಅಪಾಯದ ಹೊತ್ತಿನಲ್ಲಿ ಯಾರೂ 60 ಮೀಟರ್ ಓಡಿ ಮನೆಯ ಬೋರ್ಡು ಹುಡುಕುವಂತಾಗಬಾರದು.

ಶೆಡ್ಡಿನ ಸ್ವಂತ ಅರ್ಥ್ ಪಿಟ್

ಶೆಡ್ಡಿನ ಪಕ್ಕದಲ್ಲೇ ಪ್ರತ್ಯೇಕ ಅರ್ಥ್ ಪಿಟ್ ಮಾಡಿಸುವುದು ವಿವೇಕ. ಅರ್ಥಿಂಗಿನ ಸಂಹಿತೆಯಾದ ಐಎಸ್ 3043ರ ಪ್ರಕಾರ ಜಿಐ ಪೈಪಿನ ಒಳವ್ಯಾಸ 38 ಮಿಲಿಮೀಟರಿಗೆ, ಉದ್ದ 2.5 ಮೀಟರಿಗೆ ಕಡಿಮೆಯಿರಬಾರದು. ಜಂಬಿಟ್ಟಿಗೆಯ ನೆಲ ಮಳೆಗಾಲದಲ್ಲಿ ನೀರು ಹೀರಿ ವಿದ್ಯುತ್ತಿಗೆ ದಾರಿ ಕೊಡುತ್ತದೆಯಾದರೂ ಮಾರ್ಚ್, ಏಪ್ರಿಲ್ ಹೊತ್ತಿಗೆ ಒಣಗಿ ಕಲ್ಲಾಗುವುದರಿಂದ ರೋಧ ಬಹಳ ಏರುತ್ತದೆ. ಹೀಗಾಗಿ ಪಿಟ್ಟಿನ ರೋಧವನ್ನು ಬೇಸಿಗೆಯಲ್ಲಿ ಅಳೆಯುವುದೇ ಸರಿಯಾದ ಪರೀಕ್ಷೆ. ಬಚ್ಚಲ ನೀರು ಹರಿಯುವ ಕಡೆ ಅಥವಾ ತೋಟದ ಅಂಚಿನ ತಂಪು ಮಣ್ಣಿನಲ್ಲಿ ಪಿಟ್ ತೋಡಿ, ಇದ್ದಿಲು, ಉಪ್ಪನ್ನು ಪದರಪದರವಾಗಿ ತುಂಬಿ, ಬೇಸಿಗೆಯಲ್ಲಿ ಆಗಾಗ ನೀರು ಹೊಯ್ಯುವ ರೂಢಿ ಈ ಕಾರಣಕ್ಕೆ ಅರ್ಥಪೂರ್ಣವಾದುದು.

ಇಲ್ಲಿ ಒಂದು ನಿಷೇಧವನ್ನು ಕಟ್ಟುನಿಟ್ಟಾಗಿ ಪಾಲಿಸಬೇಕು. ಶೆಡ್ಡಿನಲ್ಲಿ ನ್ಯೂಟ್ರಲ್ಲನ್ನೂ ಅರ್ಥನ್ನೂ ಎಂದಿಗೂ ಕೂಡಿಸಬಾರದು. ಕೂಡಿಸಿದರೆ ಆರ್‌ಸಿಸಿಬಿ ಆನ್ ಆಗಿ ನಿಲ್ಲದೆ ಮತ್ತೆ ಮತ್ತೆ ಬೀಳುತ್ತದೆ. ಅದಕ್ಕಿಂತ ಕೇಡೆಂದರೆ, ಮನೆಯ ಕಡೆಯಿಂದ ಬರುವ ನ್ಯೂಟ್ರಲ್ ಕಡಿದುಹೋದ ದಿನ ಶೆಡ್ಡಿನ ಲೋಹದ ವಸ್ತುಗಳೆಲ್ಲ ಶಾಕ್ ಕೊಡತೊಡಗುತ್ತವೆ. ಫೇಸ್ ಮತ್ತು ನ್ಯೂಟ್ರಲ್ ಎರಡೇ ತಂತಿ ಒಯ್ದು ನ್ಯೂಟ್ರಲ್ಲನ್ನೇ ಅರ್ಥ್ ಎಂದು ಬಳಸುವ, ಅಥವಾ ಫೇಸ್ ಒಂದನ್ನೇ ಒಯ್ದು ಅರ್ಥ್ ಪಿಟ್ಟನ್ನು ನ್ಯೂಟ್ರಲ್ ಮಾಡಿಕೊಳ್ಳುವ ಒಳದಾರಿಗಳು ಜೀವಹಾನಿಗೆ ನೇರ ಕಾರಣವಾಗಬಲ್ಲವು. ಕೇಬಲ್ಲಿನ ಉಕ್ಕಿನ ಕವಚವನ್ನು ಗ್ಲ್ಯಾಂಡ್ ಹಾಕಿ ಮನೆಯ ತುದಿಯಲ್ಲಿ ಅರ್ಥ್ ಮಾಡಿರಬೇಕು. ಆಗ ಗುದ್ದಲಿ ಕೇಬಲ್ಲಿಗೆ ತಾಗಿದರೂ ಸೋರಿಕೆ ಅರ್ಥಿಗೆ ಹರಿದು ಸ್ವಿಚ್ ಬೀಳುತ್ತದೆ.

ಜಿಐ ಶೀಟಿನ ಮಾಡು ಮತ್ತು ಕಬ್ಬಿಣದ ಕಂಬಗಳ ಶೆಡ್ಡಾದರೆ ಆ ಚೌಕಟ್ಟನ್ನೂ ಅರ್ಥಿಗೆ ಜೋಡಿಸಬೇಕು, ಏಕೆಂದರೆ ಹೊದಿಕೆ ಸವೆದ ಒಂದು ತಂತಿ ಶೀಟಿಗೆ ತಾಗಿದರೂ ಇಡೀ ಶೆಡ್ಡಿನ ಲೋಹವೆಲ್ಲ ಲೈವ್ ಆಗುತ್ತದೆ. ಕೊಟ್ಟಿಗೆ ಅದೇ ಸೂರಿಗೆ ಅಂಟಿಕೊಂಡಿದ್ದರೆ ಎಚ್ಚರ ಇಮ್ಮಡಿಯಾಗಬೇಕು. ದನಗಳ ಮುಂಗಾಲು, ಹಿಂಗಾಲುಗಳ ನಡುವಿನ ಅಂತರ ಹೆಚ್ಚಾಗಿರುವುದರಿಂದ, ಗಂಜಲದಿಂದ ಒದ್ದೆಯಾದ ನೆಲದಲ್ಲಿ ಮನುಷ್ಯನಿಗೆ ತಿಳಿಯದಷ್ಟು ಸೋರಿಕೆಯೂ ಅವುಗಳಿಗೆ ಮಾರಕವಾಗಬಲ್ಲದು.

ಒಳಗಿನ ಜೋಡಣೆ ಮತ್ತು ಕಡೆಯ ಪರೀಕ್ಷೆ

ಶೆಡ್ಡಿನೊಳಗೆ ದೀಪಕ್ಕೆ 6, ಮೋಟಾರಿಗೆ ಮತ್ತು ಚಾರ್ಜರಿಗೆ ತಲಾ 16 ಆಂಪಿಯರಿನ ಬೇರೆ ಬೇರೆ ಎಂಸಿಬಿ ಮಾರ್ಗಗಳಿದ್ದರೆ ಮೋಟಾರಿನ ದೋಷದಿಂದ ದೀಪ ಆರುವುದಿಲ್ಲ. ಮೋಟಾರಿನ ಎಂಸಿಬಿ, ಹೊರಡುವ ಕ್ಷಣದ ಹೊರೆಯನ್ನು ತಾಳುವ ಸಿ ಬಗೆಯದಾಗಿರಬೇಕು. ಅಡಿಕೆ ಬೇಯಿಸುವ ಹಂಡೆಯ ಆವಿ, ಚೊಗರಿನ ಸಿಡಿತ, ಸಿಪ್ಪೆಯ ಧೂಳು ತಲುಪದ ಗೋಡೆಯನ್ನು ಆಯ್ದು, ಮುಚ್ಚಳವಿರುವ ಐಪಿ 55 ದರ್ಜೆಯ ಪೆಟ್ಟಿಗೆಯಲ್ಲಿ ಬೋರ್ಡನ್ನು ಎದೆಯೆತ್ತರಕ್ಕೆ ಕೂಡಿಸಬೇಕು. ಏಪ್ರಿಲ್, ಮೇ ತಿಂಗಳ ಗುಡುಗುಮಳೆಯ ಸಿಡಿಲಿನಿಂದ ತಂತಿಯಲ್ಲಿ ನುಗ್ಗುವ ವೋಲ್ಟೇಜನ್ನು ನೆಲಕ್ಕೆ ಹರಿಸುವ ಎಸ್‌ಪಿಡಿ ಎಂಬ ಸಾಧನವನ್ನು ಮನೆಯ ಮತ್ತು ಶೆಡ್ಡಿನ ಬೋರ್ಡುಗಳೆರಡರಲ್ಲೂ ಹಾಕಿಸುವುದು ಚಾರ್ಜರ್‌ಗಳ ಬೆಲೆಯನ್ನು ನೋಡಿದರೆ ದುಬಾರಿಯೇನಲ್ಲ; ಆದರೂ ಗುಡುಗಿನ ಹೊತ್ತಿನಲ್ಲಿ ಚಾರ್ಜರನ್ನು ಪ್ಲಗ್ಗಿನಿಂದ ಕಳಚಿಡುವ ಅಭ್ಯಾಸಕ್ಕೆ ಪರ್ಯಾಯವಿಲ್ಲ. ಜನರೇಟರ್ ಬಳಸುವವರು ಚೇಂಜ್‌ಓವರ್ ಸ್ವಿಚ್ ಇಲ್ಲದೆ ಅದನ್ನು ಜೋಡಿಸಲೇಬಾರದು. ಹಿಂದಕ್ಕೆ ಹರಿದ ವಿದ್ಯುತ್ತು ಟ್ರಾನ್ಸ್‌ಫಾರ್ಮರಿನ ಮೂಲಕ ಸಾವಿರಾರು ವೋಲ್ಟಿಗೆ ಏರಿ, ಲೈನ್ ಸರಿಪಡಿಸಲು ಕಂಬ ಹತ್ತಿದ ಲೈನ್‌ಮನ್‌ನ ಜೀವ ತೆಗೆಯಬಲ್ಲದು.

ಕೆಲಸ ಮುಗಿದ ಮೇಲೆ ಕಾಲುವೆ ಮುಚ್ಚುವ ಮುನ್ನವೊಮ್ಮೆ, ಮುಚ್ಚಿದ ಮೇಲೊಮ್ಮೆ ಮೆಗ್ಗರ್ ಉಪಕರಣದಿಂದ 500 ವೋಲ್ಟಿನಲ್ಲಿ ಕೇಬಲ್ಲಿನ ನಿರೋಧವನ್ನು ಪರೀಕ್ಷಿಸಬೇಕು. ಅದು 1 ಮೆಗಾ ಓಮಿಗಿಂತ ಕಡಿಮೆಯಿದ್ದರೆ ಸಂಪರ್ಕ ಕೊಡಬಾರದು. ಫೇಸ್, ನ್ಯೂಟ್ರಲ್ ಅದಲುಬದಲಾಗಿಲ್ಲವೆಂಬುದನ್ನೂ ಪಿಟ್ಟಿನ ರೋಧವನ್ನೂ ಆರ್‌ಸಿಸಿಬಿ ಬೀಳುವುದನ್ನೂ ಮನೆಯವರ ಎದುರಿನಲ್ಲೇ ತೋರಿಸಿಕೊಡುವಂತೆ ಗುತ್ತಿಗೆದಾರರನ್ನು ಕೇಳಬೇಕು. ಕೇಬಲ್ಲು ಯಾವ ಮೂಲೆಯಿಂದ ಎಷ್ಟು ಮೀಟರ್ ಅಂತರದಲ್ಲಿ, ಎಷ್ಟು ಆಳದಲ್ಲಿ ಹೋಗಿದೆಯೆಂಬ ನಕ್ಷೆಯನ್ನು ಬರೆದು ಮನೆಯ ಬೋರ್ಡಿನ ಬಾಗಿಲಿನ ಒಳಮೈಗೆ ಅಂಟಿಸಿದರೆ ಮುಂದಿನ ತಲೆಮಾರಿನ ಗುದ್ದಲಿಗೂ ಅದು ದಾರಿ ತೋರಿಸುತ್ತದೆ.

ಈ ಕೆಲಸಕ್ಕೆ ಒದಗಿಬರುವ ಕಾಲ ಅಡಿಕೆ ಕೊಯ್ಲು ಮುಗಿದ ಮೇಲಿನ ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ಅವಧಿ. ಆಗ ನೆಲ ಗಟ್ಟಿಯಿದ್ದು ಅಗೆತ ಕಷ್ಟವೆನಿಸಿದರೂ ಕಾಲುವೆಯಲ್ಲಿ ನೀರು ನಿಲ್ಲುವುದಿಲ್ಲ, ಪಿಟ್ಟಿನ ನಿಜವಾದ ರೋಧ ತಿಳಿಯುತ್ತದೆ, ಮೃಗಶಿರಾ ಮಳೆ ಹಿಡಿಯುವ ಮೊದಲು ಮಣ್ಣು ಕುಳಿತುಕೊಳ್ಳುತ್ತದೆ. ಆಮೇಲೆ ಮನೆಯವರ ಪಾಲಿಗೆ ಉಳಿಯುವ ಕೆಲಸ ಚಿಕ್ಕದು: ತಿಂಗಳಿಗೊಮ್ಮೆ ಆರ್‌ಸಿಸಿಬಿಯ ಟೆಸ್ಟ್ ಗುಂಡಿಯನ್ನು ಒತ್ತಿ ನೋಡುವುದು. ಒತ್ತಿದೊಡನೆ ಸ್ವಿಚ್ ಬಿದ್ದರೆ ಸಾಧನ ಸರಿಯಿದೆ. ಬೀಳದಿದ್ದರೆ ಅದನ್ನು ಬದಲಿಸುವವರೆಗೆ ಶೆಡ್ಡಿನ ಮುಖ್ಯ ಸ್ವಿಚ್ಚನ್ನು ಆಫ್ ಮಾಡಿಡಬೇಕು.